ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಏರ್ ಸಸ್ಪೆನ್ಷನ್ನಿನಲ್ಲಿ ಕರೆಂಟಿನ ದೋಷ ಹುಡುಕುವ ಬಗೆ

(ವಾಹನ ಎಲೆಕ್ಟ್ರಿಷಿಯನ್ನರು ಮತ್ತು ಗ್ಯಾರೇಜಿನವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಏರ್ ಸಸ್ಪೆನ್ಷನ್ ಎಂದರೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸ್ಪ್ರಿಂಗಿನ ಮೇಲೆ ಕಾರನ್ನು ನಿಲ್ಲಿಸುವ ಏರ್ಪಾಡು. ರಾತ್ರಿ ನೆಟ್ಟಗೆ ನಿಲ್ಲಿಸಿದ್ದ ಅಂಥ ಕಾರು ಬೆಳಿಗ್ಗೆ ಒಂದು ಮಗ್ಗುಲಿಗೆ ವಾಲಿಕೊಂಡಿರುತ್ತದೆ. ಸ್ಟಾರ್ಟ್ ಮಾಡಿದರೆ ಗಾಳಿ ತುಂಬುವ ಕಂಪ್ರೆಸರ್ ಗೊರಗೊರ ಎನ್ನುತ್ತದೆ, ಕಾರು ಒಲ್ಲದ ಮನಸ್ಸಿನಿಂದ ಮೇಲೇಳುತ್ತದೆ, ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ‘ಸಿ1ಎ20’ ಎಂಬ ಕೋಡ್. ಗಾಳಿ ಟ್ಯಾಂಕ್ ತುಂಬುವಾಗ ಒತ್ತಡ ತೀರಾ ನಿಧಾನವಾಗಿ ಏರುತ್ತಿದೆ ಎಂದು ಅದರ ಅರ್ಥ. ಕೋಡ್ ಓದಿದ ಕೂಡಲೇ ಹೊಸ ಕಂಪ್ರೆಸರ್ ಆರ್ಡರ್ ಆಗುತ್ತದೆ. ಹಾಕಿದ ಮೇಲೆ ಒಂದಷ್ಟು ದಿನ ಚೆನ್ನಾಗಿರುತ್ತದೆ, ಆಮೇಲೆ ಅದೇ ಕೋಡ್ ಮತ್ತೆ ಹಾಜರು.

ಆ ಕೋಡನ್ನು ಇನ್ನೊಮ್ಮೆ ಓದಿ. ಅದು ಕಂಪ್ರೆಸರ್ ಕೆಟ್ಟಿದೆ ಎಂದು ಹೇಳಿಲ್ಲ. ಒತ್ತಡ ನಿಧಾನವಾಗಿ ಏರುತ್ತಿದೆ ಎಂದಷ್ಟೇ ಹೇಳಿದೆ. ಕಂಪ್ರೆಸರ್ ಸವೆದಿದ್ದರೂ ನಿಧಾನವೇ, ಪೈಪು ಸೋರುತ್ತಿದ್ದರೂ ನಿಧಾನವೇ, ಪ್ರೆಶರ್ ಸೆನ್ಸರ್ ಸುಳ್ಳು ಹೇಳಿದರೂ ನಿಧಾನವೇ, ಕಂಪ್ರೆಸರಿಗೆ 12 ವೋಲ್ಟ್ ಸಿಗಬೇಕಾದಲ್ಲಿ ಒಂಬತ್ತೂವರೆ ಸಿಗುತ್ತಿದ್ದರೂ ನಿಧಾನವೇ. ಕಂಟ್ರೋಲ್ ಯೂನಿಟ್ಟಿಗೆ ಕಾಣುವುದು ವೋಲ್ಟೇಜು ಮತ್ತು ಹೊತ್ತು, ಇವೆರಡೇ. ಅದರಾಚೆ ರೋಗ ಎಲ್ಲಿದೆ ಎಂದು ಹುಡುಕುವುದು ನಮ್ಮ ಕೆಲಸ. ಇವತ್ತು ಹೇಳಲಿಕ್ಕಿರುವುದು ಮುಖ್ಯವಾಗಿ ಆ ಕೊನೆಯ ಕಾರಣದ ಬಗ್ಗೆ. ಗ್ಯಾರೇಜುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪರೀಕ್ಷೆಗೆ ಒಳಗಾಗುವುದು ಅದೇ.

ಗಾಳಿಯ ಸ್ಪ್ರಿಂಗ್ ನಮಗೆ ಹೊಸದಲ್ಲ. ಐರಾವತ ಬಸ್ಸು ತೂಗುತ್ತಾ ಹೋಗುವುದು ಗಾಳಿಯ ಮೇಲೆಯೇ. ಆದರೆ ಬಹಳಷ್ಟು ಬಸ್ಸುಗಳಲ್ಲಿ ಎತ್ತರ ನೋಡಿಕೊಳ್ಳುವುದು ಆಕ್ಸಲ್ಲಿಗೆ ಸಿಕ್ಕಿಸಿದ ಒಂದು ಕಡ್ಡಿ ಮತ್ತು ಅದು ತಿರುಗಿಸುವ ಲೆವೆಲಿಂಗ್ ವಾಲ್ವು, ಅಲ್ಲಿ ಕಂಪ್ಯೂಟರಿನ ಗೊಡವೆ ಇಲ್ಲ. ಕಾರುಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ಸಿನ ಕೈಗೆ ಹೋಗಿದ್ದು 1980ರ ದಶಕದಲ್ಲಿ. ಅಮೆರಿಕದ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 7 ಅದನ್ನು 1984ರ ಮಾಡೆಲಿನಲ್ಲಿ ತಂದಿತು. 1998ರಲ್ಲಿ ಮರ್ಸಿಡಿಸ್ ತನ್ನ ಎಸ್-ಕ್ಲಾಸಿನ ಡಬ್ಲ್ಯು 220 ಪೀಳಿಗೆಗೆ ‘ಏರ್‌ಮ್ಯಾಟಿಕ್’ ಹಾಕಿತು. ಇವತ್ತಿನ ಮಾತಿಗೆ ಉದಾಹರಣೆಯಾಗಿ 2004ರಲ್ಲಿ ಬಂದ ಲ್ಯಾಂಡ್ ರೋವರ್ ಡಿಸ್ಕವರಿ 3 ಇಟ್ಟುಕೊಳ್ಳೋಣ, ಅಲ್ಲಲ್ಲಿ ಎಸ್-ಕ್ಲಾಸಿಗೂ ಹೋಗಿ ಬರೋಣ. ಇದನ್ನು ತಿಳಿದವರಿಗೆ ಬೇರೆ ಕಾರುಗಳಲ್ಲಿ ಹೊಸದಾಗಿ ಕಲಿಯಬೇಕಾದ್ದು ಭಾಗಗಳು ಕೂತಿರುವ ಜಾಗ ಮಾತ್ರ.

ಏನೇನಿದೆ ಅದರಲ್ಲಿ

ನಾಲ್ಕು ಮೂಲೆಗೆ ನಾಲ್ಕು ಗಾಳಿ ಸ್ಪ್ರಿಂಗು. ಗಾಳಿ ತುಂಬಲು ವಿದ್ಯುತ್ ಮೋಟಾರಿನ ಕಂಪ್ರೆಸರು. ಡಿಸ್ಕವರಿಯಲ್ಲಿ ಅದು ಎಡಗಡೆ ಚಾಸಿ ಪಟ್ಟಿಯ ಹೊರಮೈಗೆ ನೇತಾಡಿಕೊಂಡಿರುತ್ತದೆ, ಡಬ್ಲ್ಯು 220ರಲ್ಲಿ ಬಲ ಮುಂದಿನ ಚಕ್ರದ ಮುಂದೆ, ಬಂಪರಿನ ಮರೆಯಲ್ಲಿ. ಎರಡೂ ಕೆಸರು ಬಂದು ಬಡಿಯುವ ಜಾಗಗಳೇ. ಕಂಪ್ರೆಸರಿನ ಮೈಗೆ ಅಂಟಿಕೊಂಡೇ ಒಂದು ಡ್ರೈಯರ್, ಅಂದರೆ ತೇವ ಹೀರುವ ಹರಳುಗಳ ಡಬ್ಬಿ. ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವು. ಗಾಳಿ ಕೂಡಿಡುವ ಟ್ಯಾಂಕು, ತುಂಬಿದಾಗ ಅದರಲ್ಲಿ ಸುಮಾರು 16 ಬಾರ್ ಒತ್ತಡ, ಅಂದರೆ ಕಾರಿನ ಟೈರಿನಲ್ಲಿರುವುದರ ಏಳೆಂಟು ಪಟ್ಟು. ಯಾವ ಮೂಲೆಗೆ ಗಾಳಿ ಹೋಗಬೇಕು ಎಂದು ತೀರ್ಮಾನಿಸುವ ಸೋಲಿನಾಯ್ಡ್ (ಕರೆಂಟು ಕೊಟ್ಟಾಗ ಕಾಯಿಲಿನ ಸೆಳೆತಕ್ಕೆ ತೆರೆಯುವ) ವಾಲ್ವ್ ಬ್ಲಾಕುಗಳು. ಡಿಸ್ಕವರಿಯಲ್ಲಿ ಮುಂದೊಂದು, ಹಿಂದೊಂದು, ಟ್ಯಾಂಕಿಗೊಂದು, ಹೀಗೆ ಮೂರು. ಪ್ರತಿ ಚಕ್ರಕ್ಕೂ ಎತ್ತರ ಅಳೆಯುವ ಸೆನ್ಸರು. ಎಲ್ಲಕ್ಕೂ ಯಜಮಾನನಾಗಿ ಕಂಟ್ರೋಲ್ ಯೂನಿಟ್ಟು. ಕಂಪ್ರೆಸರಿನ ಭಾರೀ ಕರೆಂಟು ಈ ಯೂನಿಟ್ಟಿನ ಮೂಲಕ ಹಾಯುವುದಿಲ್ಲ. ಯೂನಿಟ್ಟು ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚಿಗೆ) ಸನ್ನೆ ಮಾಡುತ್ತದೆ, ರಿಲೇ ಕಂಪ್ರೆಸರಿಗೆ ಕರೆಂಟು ಕೊಡುತ್ತದೆ. ಈ ರಿಲೇಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಸಲ ಬರುತ್ತದೆ.

ಕೆಡುವ ಕ್ರಮ ಹೀಗಿದೆ. ಗಾಳಿ ಸ್ಪ್ರಿಂಗಿನ ರಬ್ಬರು ಮಡಿಕೆ ಬೀಳುವ ಜಾಗದಲ್ಲಿ ಬಿರಿಯುತ್ತದೆ, ಕೂದಲೆಳೆಯಷ್ಟು ಸೋರಿಕೆ ಶುರುವಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಓಡುತ್ತಿದ್ದ ಕಂಪ್ರೆಸರು ಗಳಿಗೆಗೊಮ್ಮೆ ಓಡತೊಡಗುತ್ತದೆ. ಸಿಲಿಂಡರಿನೊಳಗಿನ ಪಿಸ್ಟನ್ ರಿಂಗು ಸವೆಯುತ್ತದೆ, ಡ್ರೈಯರಿಗೆ ಒಣಗಲು ಪುರುಸೊತ್ತು ಸಿಗುವುದಿಲ್ಲ. ಆ ಕಡೆ ರಿಲೇಯೊಳಗೆ ಸಂಪರ್ಕ ಕೂಡುವಾಗ, ಬಿಡುವಾಗ ಪ್ರತಿಸಲವೂ ಕಿಡಿ ಹಾರುತ್ತದೆ, ಬೆಳ್ಳಿ ಮಿಶ್ರಲೋಹದ ಮುಖ ಸುಟ್ಟು ಗುಳಿ ಬೀಳುತ್ತದೆ. ಗುಳಿ ಬಿದ್ದ ಸಂಪರ್ಕ ಕರೆಂಟಿಗೆ ತಡೆ ಒಡ್ಡುತ್ತದೆ, ಕಂಪ್ರೆಸರಿಗೆ ಸಿಗುವ ವೋಲ್ಟೇಜು ಇಳಿಯುತ್ತದೆ, ಅದು ನಿಧಾನವಾಗಿ ತಿರುಗುತ್ತದೆ, ಹಾಗಾಗಿ ಇನ್ನೂ ಹೆಚ್ಚು ಹೊತ್ತು ಓಡುತ್ತದೆ. ಶುರುವಾಗಿದ್ದು ಗಾಳಿಯ ರೋಗ, ಈಗ ಅದು ಕರೆಂಟಿನ ರೋಗವೂ ಹೌದು. ಈ ಹಂತದಲ್ಲಿ ಕಂಪ್ರೆಸರೊಂದನ್ನೇ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ರಬ್ಬರು ಹಳೆಯದೇ, ರಿಲೇ ಹಳೆಯದೇ. ಹೊಸ ಕಂಪ್ರೆಸರು ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಸ್ಕ್ಯಾನರಿಗೆ ಮುಂಚೆ

ಮೊದಲು ಜೀವದ ಮಾತು. ಗಾಳಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಕೈಯನ್ನೂ ಹಾಕಬಾರದು. ಒಂದು ಸೋಲಿನಾಯ್ಡ್ ತೆರೆದುಕೊಂಡರೆ ಎರಡು ಟನ್ನಿಗೂ ಮಿಕ್ಕಿದ ವಾಹನ ಮಾತಾಡುವಷ್ಟರಲ್ಲಿ ಕೆಳಗೆ ಕೂರುತ್ತದೆ. ಜಾಕ್ ನಂಬಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟೇ ಇಳಿಯಿರಿ. ಕಾರು ಎತ್ತುವ ಮುಂಚೆ ಸಸ್ಪೆನ್ಷನ್ ತಾನಾಗಿ ಹೊಂದಿಸಿಕೊಳ್ಳದಂತೆ ಸ್ಕ್ಯಾನರಿನಿಂದ ತಡೆಯಿರಿ, ಇಲ್ಲವೇ ಅದರ ಫ್ಯೂಸ್ ಕೀಳಿ. ಚಕ್ರ ನೇತಾಡುತ್ತಿರುವುದನ್ನು ನೋಡಿದ ಕಂಪ್ಯೂಟರ್, ಕಾರು ಎತ್ತರವಾಗಿದೆ ಎಂದುಕೊಂಡು ಗಾಳಿ ಬಿಟ್ಟುಬಿಡುತ್ತದೆ. ಖಾಲಿ ಬೆಲ್ಲೋ (ಗಾಳಿ ಸ್ಪ್ರಿಂಗಿನ ರಬ್ಬರು ಚೀಲ) ಮೇಲೆ ಕಾರು ಇಳಿಸಿದರೆ ರಬ್ಬರು ತಪ್ಪು ಮಡಿಕೆ ಬಿದ್ದು ಹರಿಯುತ್ತದೆ.

ಆಮೇಲೆ ಬ್ಯಾಟರಿ. ಇದನ್ನು ಹಾರಿಸಿ ಮುಂದೆ ಹೋದವರು ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತಾರೆ. ಕೆಲ ಗಂಟೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರಬೇಕು. ಕೀ ಹಾಕಿಟ್ಟು ಒಂದು ಗಂಟೆ ಪರೀಕ್ಷೆ ಮಾಡುವುದಾದರೆ ಚಾರ್ಜರ್ ಹಚ್ಚಿಕೊಂಡೇ ಮಾಡಿ. ವೋಲ್ಟೇಜು ಇಳಿದಾಗ ಮೂರ್ನಾಲ್ಕು ಯೂನಿಟ್ಟುಗಳು ಸಂಬಂಧವಿಲ್ಲದ ಕೋಡುಗಳನ್ನು ಬರೆದಿಡುತ್ತವೆ, ಆಮೇಲೆ ನೀವು ಅವುಗಳ ಬೆನ್ನು ಹತ್ತಿರುತ್ತೀರಿ.

ಇನ್ನು ಎತ್ತರ. ಪ್ರತಿ ಮೂಲೆಯಲ್ಲೂ ಚಕ್ರದ ನಡು ಬಿಂದುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು, ಗಾಜಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ. ನಾಲ್ಕೂ ಮೂಲೆ ಸಮವಾಗಿ ಕೆಲವೇ ಮಿಲಿಮೀಟರ್ ಇಳಿದಿದ್ದರೆ ಗಾಬರಿ ಬೇಡ. ಸಂಜೆ 35 ಡಿಗ್ರಿ ಇದ್ದ ಗಾಳಿ ಬೆಳಗಿನ ಜಾವ 20ಕ್ಕೆ ಇಳಿದರೆ ಸುಮಾರು ಶೇ. 5ರಷ್ಟು ಕುಗ್ಗುವುದು ಸಹಜ. ಒಂದೇ ಮೂಲೆ ಕೂತಿದ್ದರೆ ಅದು ಸೋರಿಕೆ.

ಆದರೆ ಇಲ್ಲೊಂದು ಮೋಸವಿದೆ. ಬೀಗ ಹಾಕಿ ಹೋದ ಮೇಲೂ ಡಿಸ್ಕವರಿಯ ಕಂಟ್ರೋಲ್ ಯೂನಿಟ್ಟು ಕೆಲವು ಗಂಟೆಗೊಮ್ಮೆ ಎಚ್ಚರಾಗುತ್ತದೆ. ಒಂದು ಮೂಲೆ ಇಳಿದಿರುವುದು ಕಂಡರೆ ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿ ಮತ್ತೆ ಮಲಗುತ್ತದೆ. ಬೆಳಿಗ್ಗೆ ಬಂದವರಿಗೆ ಕಾರು ನಾಲ್ಕೂ ಕಡೆ ಕೂತಿರುವುದು ಕಾಣುತ್ತದೆ. ನಾಲ್ಕೂ ಸ್ಪ್ರಿಂಗು ಹೋಗಿವೆ ಎಂದು ಅಂದಾಜು ಕಟ್ಟಿದರೆ ಮುಗಿಯಿತು, ಲಕ್ಷಗಟ್ಟಲೆ ಬಿಲ್ಲು. ಹಾಗಾಗಿ ರಾತ್ರಿ ಸಸ್ಪೆನ್ಷನ್ ಫ್ಯೂಸ್ ಕಿತ್ತು ಬಿಡಿ. ಈಗ ಬೆಳಿಗ್ಗೆ ಕೂತಿರುವ ಮೂಲೆಯೇ ನಿಜವಾದ ಕಳ್ಳ. ಫ್ಯೂಸ್ ಕಿತ್ತಾಗ ಕಾರು ಒಂದಿಷ್ಟೂ ಇಳಿಯದೆ, ಫ್ಯೂಸ್ ಇದ್ದಾಗ ಮಾತ್ರ ಇಳಿಯುತ್ತಿದ್ದರೆ? ಆಗ ರಬ್ಬರಿನಲ್ಲಿ ದೋಷವಿಲ್ಲ. ಕಂಪ್ಯೂಟರಿಗೆ ತಪ್ಪು ಎತ್ತರ ಕಾಣುತ್ತಿದೆ, ಅದೇ ಗಾಳಿ ಬಿಡುತ್ತಿದೆ. ಎತ್ತರದ ಸೆನ್ಸರ್ ಕಡೆ ಹೋಗಿ. ಎರಡು ರಾತ್ರಿ, ಒಂದು ಟೇಪು, ಒಂದು ಫ್ಯೂಸು. ಗಾಳಿಯದೋ ಕರೆಂಟಿನದೋ ಎಂದು ಬಿಡಿಸಿ ಹೇಳಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಕೋಡುಗಳಲ್ಲಿ ಎರಡು ಜಾತಿ

ಸ್ಕ್ಯಾನರ್ ಹಾಕಿದಾಗ ಬಂದ ಕೋಡುಗಳನ್ನೆಲ್ಲ ಬರೆದುಕೊಂಡು, ಅಳಿಸಿ, ಒಂದು ಸುತ್ತು ಓಡಿಸಿ, ಮರಳಿ ಬಂದವನ್ನಷ್ಟೇ ನಂಬಿ. ಅವುಗಳಲ್ಲಿ ಎರಡು ಬಗೆ. ವೈರ್ ತುಂಡಾಗಿದೆ, ಅರ್ತಿಗೆ ಶಾರ್ಟ್ ಆಗಿದೆ, ಬ್ಯಾಟರಿಗೆ ಶಾರ್ಟ್ ಆಗಿದೆ ಎನ್ನುವವು ಒಂದು ಬಗೆ. ಇವು ನೇರ, ಆ ವೈರಿನ ಎರಡು ತುದಿಗಳ ನಡುವೆ ಹುಡುಕಿದರೆ ಸಿಗುತ್ತದೆ. ಇನ್ನೊಂದು ಬಗೆ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ದೂರುವವು. ಸಿ1ಎ20 ಈ ಜಾತಿಯದು. ಸಿ1ಎ13 ಕೂಡ ಇದೇ ಜಾತಿ: ಗಾಳಿ ಹೊರಬಿಟ್ಟರೂ ಒತ್ತಡ ಇಳಿಯುತ್ತಿಲ್ಲ ಎನ್ನುತ್ತದೆ. ಎಕ್ಸಾಸ್ಟ್ ವಾಲ್ವಿನ ವೈರ್ ಹೋಗಿದ್ದರೂ ಅದು ಬಂದೀತು, ಆದರೆ ಡ್ರೈಯರಿನ ಹರಳು ಪುಡಿಯಾಗಿ ಗಾಳಿಯ ದಾರಿಗೆ ಅಡ್ಡ ನಿಂತಿರುವುದೇ ಹೆಚ್ಚು. ಕಂಪ್ರೆಸರಿನ ಪೈಪ್ ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಮೀಟರ್ ಪಕ್ಕಕ್ಕಿಡಿ. ಆ ಪುಡಿ ವಾಲ್ವ್ ಬ್ಲಾಕಿಗೂ ಹೋಗಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಕಂಪ್ರೆಸರಿನ ದಾರಿಯಲ್ಲಿ

ಇಲ್ಲಿ ಸ್ವಲ್ಪ ನಿಂತು ನೋಡೋಣ, ಹಣ ಸೋರುವುದು ಇಲ್ಲೇ.

ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ (ಡಬ್ಲ್ಯು 220ರಲ್ಲಿ ಅದು 40 ಆಂಪಿಯರಿನದು), ರಿಲೇಯ 30ನೇ ಪಿನ್ನಿಗೆ ಬಂದು, 87ರಿಂದ ಹೊರಟು, ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಮೂಲಕ ಮೋಟಾರಿಗೆ ಹೋಗಿ, ಅರ್ತ್ ವೈರಿನಲ್ಲಿ ಬಾಡಿಗೆ ಸೇರುತ್ತದೆ. ಕಂಪ್ರೆಸರ್ ಓಡುವಾಗ ಎಳೆಯುವುದು ಸುಮಾರು 20 ಆಂಪಿಯರ್, ಒತ್ತಡ ಏರಿದಂತೆ ಅದೂ ಏರುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಇನ್ನೂ ಬಹಳ ಹೆಚ್ಚು. ಇದನ್ನು ಸಾಮಾನ್ಯ ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ಟಿನಲ್ಲಿ ಅಳೆಯಲು ಹೋಗಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ. ಕ್ಲಾಂಪ್ ಮೀಟರ್ ಬೇಕು, ಅದೂ ಡಿ.ಸಿ. ಅಳೆಯುವಂಥದ್ದು. ಮನೆ ವೈರಿಂಗಿನವರ ಬಳಿ ಇರುವ ಬಹಳಷ್ಟು ಕ್ಲಾಂಪ್‌ಗಳು ಎ.ಸಿ. ಮಾತ್ರ ಅಳೆಯುತ್ತವೆ, ಕಾರಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ಕೂರುತ್ತವೆ.

ತಪ್ಪುವುದು ಎಲ್ಲಿ ಅಂದರೆ, ಕಂಪ್ರೆಸರಿನ ಕಪ್ಲರ್ ಕಿತ್ತು, ವೈರಿನ ತುದಿಗೆ ಮೀಟರ್ ಇಟ್ಟು, 12.4 ವೋಲ್ಟ್ ಕಂಡು, ‘ಕರೆಂಟ್ ಬರ್ತಾ ಇದೆ, ಕಂಪ್ರೆಸರೇ ಹೋಗಿದೆ’ ಎಂದು ತೀರ್ಪು ಕೊಡುವಲ್ಲಿ. ಭಾರವಿಲ್ಲದ ವೈರಿನಲ್ಲಿ ವೋಲ್ಟೇಜು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ 12.4 ಎಂದೇ ಹೇಳುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಏನೇನೂ ಅಲ್ಲ. ದಾರಿಯಲ್ಲಿ ಎಲ್ಲೋ ಒಂದು ಕಡೆ 0.1 ಓಮ್ ತಡೆ ಇದೆ ಎಂದುಕೊಳ್ಳಿ. ಬಹಳ ಮೀಟರುಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ 25 ಆಂಪಿಯರ್ ಹರಿದಾಗ ಅದು ಎರಡೂವರೆ ವೋಲ್ಟ್ ನುಂಗುತ್ತದೆ, 60 ವ್ಯಾಟಿಗೂ ಹೆಚ್ಚು ಶಾಖವಾಗಿ ಉರಿಯುತ್ತದೆ. ಹೆಡ್‌ಲೈಟ್ ಬಲ್ಬಿನ ಕಾವನ್ನು ಒಂದು ಕಪ್ಲರಿನೊಳಗೆ ತುರುಕಿದ ಹಾಗೆ. ಪ್ಲಾಸ್ಟಿಕ್ ಕಂದಾಗಿರುವುದು, ಪಿನ್ನು ನೀಲಿಯಾಗಿರುವುದು ಇದರಿಂದಲೇ.

ಹಾಗಾಗಿ ಅಳತೆ ಕಂಪ್ರೆಸರ್ ಓಡುತ್ತಿರುವಾಗಲೇ ಆಗಬೇಕು, ಕಪ್ಲರ್ ಹಾಕಿದ್ದೇ ಇರಬೇಕು. ಪಿನ್ನಿನ ಹಿಂಬದಿಯಿಂದ, ರಬ್ಬರ್ ಸೀಲಿನ ಸಂದಿಯಲ್ಲಿ ತೆಳು ಸೂಜಿ ಇಳಿಸಿ. ವೈರಿನ ಕವಚ ಚುಚ್ಚಬೇಡಿ. ಕರಾವಳಿಯಲ್ಲಂತೂ ಚುಚ್ಚಿದ ತೂತಿನಿಂದ ಉಪ್ಪಿನ ತೇವ ಒಳಹೋಗಿ ತಾಮ್ರಕ್ಕೆ ಹಸಿರು ಕಿಲುಬು ಹತ್ತುತ್ತದೆ, ಅದು ಕವಚದೊಳಗೇ ತೆವಳಿಕೊಂಡು ಹೋಗುತ್ತದೆ. ಇವತ್ತಿನ ಪರೀಕ್ಷೆಯೇ ಮುಂದೊಂದು ದಿನದ ದೋಷವಾಗುತ್ತದೆ.

ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೇ ಕಚ್ಚಿಸಿ. ಕೆಂಪು ಕಡ್ಡಿ ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ಒಂದು ಕೆಟ್ಟ ಕಾರಿನಲ್ಲಿ ಅಂಕಿಗಳು ಹೀಗೆ ಬರಬಹುದು: ಕಂಪ್ರೆಸರ್ ಓಡುವಾಗ ಬ್ಯಾಟರಿ ಮೇಲೆ 12.2. ರಿಲೇಯ 30ನೇ ಪಿನ್ನಿನಲ್ಲಿ 12.1. ಅದೇ ರಿಲೇಯ 87ರಲ್ಲಿ 10.4. ಕಂಪ್ರೆಸರಿನ ಪಾಸಿಟಿವ್ ಪಿನ್ನಿನಲ್ಲಿ 10.2. ಕಂಪ್ರೆಸರಿನ ಅರ್ತ್ ಪಿನ್ನಿನಲ್ಲಿ 0.7. ಮೋಟಾರಿಗೆ ಸಿಕ್ಕಿದ್ದು 10.2ರಿಂದ 0.7 ಕಳೆದರೆ 9.5 ವೋಲ್ಟ್ ಮಾತ್ರ. ನುಂಗಿದವರು ಯಾರು? ರಿಲೇಯೊಳಗೆ 1.7, ಅರ್ತಿನಲ್ಲಿ 0.7. ಕ್ಲಾಂಪ್ 22 ಆಂಪಿಯರ್ ತೋರಿಸುತ್ತಿದ್ದರೆ ಆ ರಿಲೇ ಒಂದೇ 37 ವ್ಯಾಟ್ ಉರಿಯುತ್ತಿದೆ, ಮುಟ್ಟಿದರೆ ಬೆರಳು ಸುಡುತ್ತದೆ. ಒಳ್ಳೆಯ ಕಾರಿನಲ್ಲಿ ಪಾಸಿಟಿವ್ ಕಡೆಯ ನಷ್ಟವೆಲ್ಲ ಸೇರಿ ಅರ್ಧ ವೋಲ್ಟ್ ದಾಟಬಾರದು, ಅರ್ತ್ ಕಡೆ 0.2 ದಾಟಬಾರದು. ಈ ಅಂಕಿಗಳನ್ನು ಇಟ್ಟುಕೊಂಡರೆ ಕಾರು ಯಾವುದಾದರೂ ನಡೆಯುತ್ತದೆ.

ಒಂದು ಸೂಕ್ಷ್ಮ. ಈ ಕೆಟ್ಟ ಕಾರಿನಲ್ಲಿ ಆಂಪಿಯರ್ ನೋಡಿದರೆ ದೋಷ ಗೊತ್ತಾಗುವುದಿಲ್ಲ. ಇಂಥ ಮೋಟಾರ್ ಎಳೆಯುವ ಕರೆಂಟನ್ನು ನಿರ್ಧರಿಸುವುದು ಅದರ ಮೇಲಿರುವ ಭಾರ, ಅಂದರೆ ಗಾಳಿಯ ಒತ್ತಡ. ವೋಲ್ಟೇಜು ಇಳಿದರೆ ಇಳಿಯುವುದು ವೇಗ. ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕ್ಲಾಂಪ್ 22 ಎನ್ನುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ, ಕಂಪ್ರೆಸರ್ ಮಾತ್ರ ತಿಣುಕುತ್ತಾ ತಿರುಗುತ್ತಿರುತ್ತದೆ. ಟ್ಯಾಂಕು ನಿಧಾನ ತುಂಬುತ್ತದೆ, ಸಿ1ಎ20 ಬರುತ್ತದೆ. ಮೊದಲಿಗೆ ಹೇಳಿದ ಕಾರಿನಲ್ಲಿ ಸೋರಿಕೆ ನಿಲ್ಲಿಸುವುದರ ಜತೆ ಬೇಕಿದ್ದದ್ದು ಒಂದು ರಿಲೇ ಮತ್ತು ಅರ್ತ್ ಬೋಲ್ಟಿನ ಕೆಳಗೆ ಒಂದಿಷ್ಟು ಉಜ್ಜುಕಾಗದ.

ಕಂಪ್ರೆಸರ್ ಸ್ಟಾರ್ಟೇ ಆಗುತ್ತಿಲ್ಲ ಎಂದಾದರೆ ರಿಲೇ ಕಿತ್ತು ನೋಡಿ. 85 ಮತ್ತು 86ರ ನಡುವೆ ಕಾಯಿಲ್, ಸಾಮಾನ್ಯವಾಗಿ 80ರಿಂದ 100 ಓಮ್. ಸ್ಕ್ಯಾನರಿನಿಂದ ಕಂಪ್ರೆಸರ್ ಓಡಿಸಲು ಆಜ್ಞೆ ಕೊಟ್ಟಾಗ ಸಾಕೆಟ್ಟಿನ ಆ ಎರಡು ಪಿನ್ನುಗಳ ನಡುವೆ 12 ವೋಲ್ಟ್ ಕಾಣಬೇಕು. ಕಾಣದಿದ್ದರೆ ಕಂಟ್ರೋಲ್ ಯೂನಿಟ್ಟೇ ಬೇಡ ಎನ್ನುತ್ತಿದೆ. ಬೇಡ ಎನ್ನಲು ಅದಕ್ಕೆ ಕಾರಣಗಳಿರುತ್ತವೆ: ಎಂಜಿನ್ ಓಡುತ್ತಿಲ್ಲ, ವೋಲ್ಟೇಜು ಕಡಿಮೆ, ಕಂಪ್ರೆಸರ್ ಕಾದಿದೆ. ಡಿಸ್ಕವರಿಯ ಕಂಪ್ರೆಸರಿನಲ್ಲಿ ಉಷ್ಣತೆಯ ಸೆನ್ಸರ್ ಇದೆ, ಅದರ ವೈರ್ ಹೋಗಿದ್ದರೆ ತಣ್ಣಗಿನ ಕಂಪ್ರೆಸರನ್ನೂ ಯೂನಿಟ್ಟು ನಂಬುವುದಿಲ್ಲ. ಕಾದಿದ್ದರೆ ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು. ಆತುರಕ್ಕೆ ಬಿದ್ದು ರಿಲೇ ಸಾಕೆಟ್ಟಿನಲ್ಲಿ ವೈರ್ ಸಿಕ್ಕಿಸಿ ಓಡಿಸುವವರಿದ್ದಾರೆ. 30 ಮತ್ತು 87 ಕೂಡಿಸಿ ನೋಡಲೇಬೇಕೆಂದರೆ ನಡುವೆ ಫ್ಯೂಸ್ ಇರುವ ದಪ್ಪ ವೈರ್ ಬಳಸಿ, ಹತ್ತು ಸೆಕೆಂಡಿಗೆ ನಿಲ್ಲಿಸಿ. ಆಗ ಕಂಪ್ಯೂಟರಿನ ಕಾವಲು ಇರುವುದಿಲ್ಲ.

ರಿಲೇ ‘ಟಿಕ್’ ಎಂದಿತು, ಹಾಗಾಗಿ ಚೆನ್ನಾಗಿದೆ ಎನ್ನುವುದು ಇನ್ನೊಂದು ನಂಬಿಕೆ. ಟಿಕ್ ಎನ್ನುವುದು ಕಾಯಿಲ್ ಕಡೆಯ ಸದ್ದು, ಸುಟ್ಟಿರುವುದು ಸಂಪರ್ಕದ ಮುಖ. ಬೆಂಚಿನ ಮೇಲೆ ಎರಡು 55 ವ್ಯಾಟಿನ ಹೆಡ್‌ಲೈಟ್ ಬಲ್ಬುಗಳನ್ನು ಪ್ಯಾರಲಲ್ ಆಗಿ ಜೋಡಿಸಿ ರಿಲೇ ಮೂಲಕ ಉರಿಸಿ, ಸುಮಾರು 9 ಆಂಪಿಯರ್ ಹರಿಯುತ್ತದೆ. 30 ಮತ್ತು 87ರ ನಡುವೆ ಮೀಟರ್ ಇಟ್ಟರೆ 100 ಮಿಲಿವೋಲ್ಟಿಗಿಂತ ಕಡಿಮೆ ಇರಬೇಕು. ಇದೆಲ್ಲ ಹೇಳಿದೆ ನಿಜ, ಆದರೂ ರಿಲೇಯ ಬೆಲೆ ಕಂಪ್ರೆಸರಿನ ಬೆಲೆಯ ಮುಂದೆ ಪುಡಿಗಾಸು. ಹೊಸ ಕಂಪ್ರೆಸರ್ ಹಾಕುವಾಗ ರಿಲೇಯನ್ನೂ ಬದಲಿಸಿಯೇಬಿಡಿ, ಪರೀಕ್ಷಿಸುತ್ತಾ ಕೂರಬೇಡಿ. ಡಿಸ್ಕವರಿ 3ರಲ್ಲಿ ಮೊದಲು ಬಂದ ಹಿಟಾಚಿ ಕಂಪ್ರೆಸರಿನ ಬದಲು ಎಎಂಕೆ ಕಂಪನಿಯದು ಹಾಕುವುದಾದರೆ ರಿಲೇ ಜತೆ ಕಂಟ್ರೋಲ್ ಯೂನಿಟ್ಟಿನ ಸಾಫ್ಟ್‌ವೇರ್ ಕೂಡ ಬದಲಾಗಬೇಕು. ಎರಡರ ಓಟದ ಲೆಕ್ಕ ಬೇರೆ.

ಇನ್ನೂ ಅಪಾಯದ್ದು ಅಂಟಿಕೊಂಡ ರಿಲೇ. ಕಿಡಿಯ ಕಾವಿಗೆ ಎರಡೂ ಮುಖ ಬೆಸೆದುಕೊಂಡರೆ ಕೀ ತೆಗೆದು ಬೀಗ ಹಾಕಿದ ಮೇಲೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಅರೆಗಳಿಗೆ ಸದ್ದು ಬಂದರೆ ಅದು ಎತ್ತರ ಹೊಂದಿಸಿಕೊಳ್ಳುವುದು. ನಿಲ್ಲದೆ ಗುಂಯ್ಗುಡುತ್ತಿದ್ದರೆ ತಡಮಾಡದೆ ರಿಲೇ ಕೀಳಿ. ಬ್ಯಾಟರಿ ಖಾಲಿಯಾದರೆ ಪುಣ್ಯ, ಮೋಟಾರ್ ಕಾದು ಬೆಂಕಿ ಹತ್ತಬಹುದು.

ಎತ್ತರದ ಸೆನ್ಸರು

ಪ್ರತಿ ಚಕ್ರದ ಬಳಿ ಒಂದು ಡಬ್ಬಿ, ಅದಕ್ಕೊಂದು ತೋಳು, ತೋಳಿನಿಂದ, ಚಕ್ರವನ್ನು ಚಾಸಿಗೆ ಹಿಡಿದಿರುವ ಕಂಟ್ರೋಲ್ ಆರ್ಮ್‌ಗೆ ಒಂದು ಕಡ್ಡಿ. ಡಿಸ್ಕವರಿಯಲ್ಲಿ ಸಿ1ಎ03ರಿಂದ ಸಿ1ಎ06ರವರೆಗಿನ ಕೋಡುಗಳು ಈ ನಾಲ್ಕು ಸೆನ್ಸರುಗಳವು. ಮೊದಲು ಕಡ್ಡಿಯ ಎರಡು ತುದಿಯ ಗುಂಡಿಗಳನ್ನು (ಬಾಲ್ ಜಾಯಿಂಟ್) ನೋಡಿ. ಕಳಚಿಕೊಂಡ ಕಡ್ಡಿಯನ್ನು ಕಂಪ್ಯೂಟರ್ ಸೆನ್ಸರ್ ದೋಷ ಎಂದೇ ಬರೆಯುತ್ತದೆ, ನಮ್ಮ ರಸ್ತೆ ಉಬ್ಬುಗಳು ಆ ಗುಂಡಿಗಳಿಗೆ ದಯೆ ತೋರುವುದಿಲ್ಲ.

ಅದು ಸರಿಯಿದ್ದರೆ ಕರೆಂಟಿಗೆ ಬನ್ನಿ. ಇಂಥ ಸೆನ್ಸರಿನಲ್ಲಿ ಮುಖ್ಯವಾಗಿ ನೋಡಬೇಕಾದ ವೈರುಗಳು ಮೂರು: 5 ವೋಲ್ಟ್, ಅರ್ತ್, ಸಿಗ್ನಲ್. ಸಿಗ್ನಲ್ ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆಯೊಳಗೆ ಆಡುತ್ತದೆ, ಕಾರು ಮಾಮೂಲಿ ಎತ್ತರದಲ್ಲಿದ್ದಾಗ ನಡುವೆ ಎಲ್ಲೋ ಇರುತ್ತದೆ. ಕಡ್ಡಿ ಬಿಚ್ಚಿ ತೋಳನ್ನು ಕೈಯಿಂದ ನಿಧಾನ ಆಡಿಸುತ್ತಾ ಮೀಟರ್ ನೋಡಿ. ಅಂಕಿ ನೀರು ಹರಿದಂತೆ ಬದಲಾಗಬೇಕು, ಎಲ್ಲೂ ಎಗರಬಾರದು. 1994ರಿಂದ ಬಂದ ಪಿ38 ರೇಂಜ್ ರೋವರಿನಂಥ ಹಳೆಯ ಕಾರುಗಳಲ್ಲಿ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಉಜ್ಜುವ ಸೆನ್ಸರಿದೆ. ಕಾರು ಆಯುಷ್ಯದ ಬಹುಪಾಲು ಒಂದೇ ಎತ್ತರದಲ್ಲಿ ಓಡುವುದರಿಂದ ಪಟ್ಟಿ ಸವೆಯುವುದೂ ಆ ಒಂದೇ ಜಾಗದಲ್ಲಿ. ಡಿಜಿಟಲ್ ಮೀಟರ್ ಆ ಕ್ಷಣದ ಕಡಿತವನ್ನು ಹಿಡಿಯುವಷ್ಟು ಚುರುಕಲ್ಲ. ಮುಳ್ಳಿನ ಮೀಟರ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಯಿರಿ, ಮುಳ್ಳು ಜಿಗಿಯುವುದು ಕಣ್ಣಿಗೆ ಕಾಣುತ್ತದೆ.

ಸೆನ್ಸರಿನ ಅರ್ತ್ ಕೆಟ್ಟರೆ ಬರುವ ದೋಷ ವಿಚಿತ್ರ. ಅರ್ತ್ ವೈರಿನಲ್ಲಿ 0.3 ವೋಲ್ಟ್ ಉಳಿದುಕೊಂಡಿತು ಎಂದುಕೊಳ್ಳಿ, ಸಿಗ್ನಲ್ಲೂ ಅದರೊಂದಿಗೆ ಜರುಗುತ್ತದೆ. ಕೋಡ್ ಬರುವುದಿಲ್ಲ, ಏಕೆಂದರೆ ಅಂಕಿ ಮಿತಿಯೊಳಗೇ ಇದೆ. ಆ ಮೂಲೆ ಎದ್ದಿದೆಯೆಂದು ಕಂಪ್ಯೂಟರ್ ಗಾಳಿ ಬಿಡುತ್ತದೆ, ಇಲ್ಲವೇ ಇಳಿದಿದೆಯೆಂದು ತುಂಬುತ್ತದೆ. ಕಾರು ಸೊಟ್ಟ ನಿಂತಿದೆ, ಸ್ಕ್ಯಾನರ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಟೇಪಿನ ಅಳತೆಯನ್ನು ಸ್ಕ್ಯಾನರ್ ತೋರಿಸುವ ಎತ್ತರದ ಪಕ್ಕ ಇಟ್ಟು ನೋಡಿದರೆ ಮಾತ್ರ ಕಳ್ಳ ಸಿಗುತ್ತಾನೆ.

ಇನ್ನು ಎರಡು ಮೂರು ಸೆನ್ಸರಿನ ಕೋಡುಗಳು ಒಟ್ಟಿಗೆ ಬಂದರೆ ಮೂರನ್ನೂ ಬದಲಿಸುವ ಮುನ್ನ 5 ವೋಲ್ಟ್ ಇದೆಯೇ ನೋಡಿ. ಹಲವು ಸೆನ್ಸರುಗಳು ಒಂದೇ 5 ವೋಲ್ಟನ್ನು ಹಂಚಿಕೊಂಡಿರುವುದುಂಟು. ಒಂದರೊಳಗೆ ನೀರು ಹೋಗಿ ಶಾರ್ಟ್ ಆದರೆ ಉಳಿದವೂ ಕುರುಡಾಗುತ್ತವೆ. ಒಂದೊಂದೇ ಕಪ್ಲರ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿ ಬರುತ್ತದೋ ಅದೇ ಹಾಳಾಗಿರುವುದು.

ಸೆನ್ಸರ್ ಬದಲಿಸಿದರೆ ಎತ್ತರದ ಕ್ಯಾಲಿಬ್ರೇಷನ್ ಆಗಲೇಬೇಕು. ಡಿಸ್ಕವರಿಗೆ ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನ ಅಳತೆ ಕೊಟ್ಟರೆ ಸಾಕು. ಮರ್ಸಿಡಿಸ್ ಹಾಗಲ್ಲ, ಕಂಟ್ರೋಲ್ ಆರ್ಮ್‌ನ ಓರೆಯನ್ನು ಇಳಿಜಾರಿನ ಮೀಟರಿನಲ್ಲಿ ಅಳೆಯಬೇಕು.

ವಾಲ್ವ್ ಬ್ಲಾಕು, ಮತ್ತು ಉಳಿದ ಕಿರಿಕಿರಿಗಳು

ಸೋಲಿನಾಯ್ಡ್ ಕಾಯಿಲುಗಳಿಗೆ ಪುಸ್ತಕದ ಓಮ್ ಅಂಕಿ ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದೇ ಬ್ಲಾಕಿನಲ್ಲಿ ಒಂದೇ ಕೆಲಸ ಮಾಡುವ ಕಾಯಿಲುಗಳು ಅವಳಿ-ಜವಳಿ. ಹೋಲಿಸಿ ನೋಡಿ, ಒಂದು ಮಾತ್ರ ಬೇರೆ ಇದ್ದರೆ ಅದೇ. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಅಳೆಯಿರಿ, ತಾಮ್ರದ ತಡೆ ಡಿಗ್ರಿಗೆ ಶೇ. 0.39ರಂತೆ ಏರುತ್ತದೆ. 20 ಡಿಗ್ರಿಯ ಕಾಯಿಲ್ 70ಕ್ಕೆ ಕಾದರೆ ಓಮ್ ಐದನೇ ಒಂದರಷ್ಟು ಹೆಚ್ಚು. ಕಾಯಿಲಿನ ಪಿನ್ನಿಗೂ ಬಾಡಿಗೂ ನಡುವೆ ಮೀಟರ್ ಸಂಪರ್ಕವನ್ನೇ ತೋರಿಸಬಾರದು. ಕಂಟ್ರೋಲ್ ಯೂನಿಟ್ಟಿನ ಸಣ್ಣ ಔಟ್‌ಪುಟ್‌ಗಳಿಗೆ 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ, ಒಳಗಿನ ಟ್ರಾನ್ಸಿಸ್ಟರ್ ಸುಟ್ಟೀತು. ಅಲ್ಲಿ ಎಲ್‌ಇಡಿ ಟೆಸ್ಟರ್. ಬಲ್ಬು ಕಂಪ್ರೆಸರಿನ ದಪ್ಪ ವೈರಿಗೆ. ಎಷ್ಟೋ ಜನ ಇದನ್ನು ಅದಲುಬದಲು ಮಾಡುತ್ತಾರೆ.

ಕಾರು ಓಡುತ್ತದೆ, ಕೋಡ್ ಇಲ್ಲ, ಎತ್ತರ ಮಾತ್ರ ಬದಲಾಗುತ್ತಿಲ್ಲ ಎಂದರೆ ಬಾಗಿಲು ನೋಡಿ. ಬಾಗಿಲು ತೆರೆದಿದ್ದರೆ ಡಿಸ್ಕವರಿ ಎತ್ತರ ಬದಲಿಸುವುದನ್ನು ತಡೆಹಿಡಿಯುತ್ತದೆ, ಬಾಗಿಲ ಚಿಲಕದೊಳಗಿನ ಸ್ವಿಚ್ ಕೆಟ್ಟಿದ್ದರೂ ಅಷ್ಟೇ. ಸ್ಕ್ಯಾನರಿಗೆ ಸಸ್ಪೆನ್ಷನ್ ಯೂನಿಟ್ಟೇ ಸಿಗುತ್ತಿಲ್ಲವೇ? ಅದರ ಪಾಸಿಟಿವ್, ಇಗ್ನಿಷನ್, ಅರ್ತ್ ಮೂರನ್ನೂ ನೋಡಿ. ಆಮೇಲೆ ಬ್ಯಾಟರಿ ಬಿಚ್ಚಿ ಯೂನಿಟ್ಟುಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಕ್ಯಾನ್ ಬಸ್ಸಿನ ಎರಡು ವೈರುಗಳ ನಡುವೆ ಅಳೆಯಿರಿ, 60 ಓಮ್ ಇರಬೇಕು. 120 ಬಂದರೆ ಒಂದು ತುದಿ ಕಳಚಿದೆ.

ವೈರ್ ಕಡಿಯುವ ಇಲಿಗಳ ಬಗ್ಗೆ ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಜೋಡಿಸುವ ರೀತಿ ಮಾತ್ರ ಹೇಳುತ್ತೇನೆ. ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದಿಲ್ಲ. ಕಿಲುಬು ಹಿಡಿದ ತಾಮ್ರವನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ತೆಗೆಯಿರಿ, ಅಷ್ಟೇ ದಪ್ಪದ ವೈರ್ ಸೇರಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಅಕ್ಕಪಕ್ಕದ ವೈರುಗಳ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆಮುಂದೆ ಮಾಡಿ. ಚಕ್ರದ ಜತೆ ಆಡುವ ವೈರಿನ ಬಾಗುವ ಜಾಗದಲ್ಲಿ ಬೆಸುಗೆ ಬೇಡ. ಬೆಸುಗೆಯ ಅಂಚಿನಲ್ಲಿ ವೈರು ಗಟ್ಟಿಯಾಗಿ, ಅಲ್ಲೇ ಮುರಿಯುತ್ತದೆ.

ಕೊನೆಗೆ ಬಂದ ಎರಡು ಪ್ರಶ್ನೆಗಳು

ಸೋರಿಕೆಗೆ ಸೋಪಿನ ನೀರು ಸಾಕೇ ಎಂದು ಒಬ್ಬರು ಕೇಳಿದರು. ಸಾಕು. ಪಾತ್ರೆ ತೊಳೆಯುವ ಸೋಪು ಒಂದು ಪಾಲು, ನೀರು ಹತ್ತು ಪಾಲು, ಸ್ಪ್ರೇ ಬಾಟಲಿಯಲ್ಲಿ. ಕಾರನ್ನು ಮೇಲಿನ ಎತ್ತರಕ್ಕೆ ಏರಿಸಿ, ಸ್ಟ್ಯಾಂಡ್ ಕೊಟ್ಟು, ಬೆಲ್ಲೋವಿನ ಕೆಳಗಿನ ಮಡಿಕೆ ಬಿಚ್ಚಿಕೊಂಡಾಗ ಹೊಡೆಯಿರಿ, ಬಿರುಕು ಅಡಗಿರುವುದು ಅಲ್ಲಿ. ಪೈಪಿನ ಯೂನಿಯನ್‌ಗಳಿಗೂ ಹೊಡೆಯಿರಿ. ಗುಳ್ಳೆ ಬರಲು ಒಂದೆರಡು ನಿಮಿಷ ಬೇಕಾಗಬಹುದು, ಕಾಯಿರಿ. ಕಪ್ಲರುಗಳ ಮೇಲೆ ಬೀಳಿಸಬೇಡಿ.

ಇನ್ನೊಬ್ಬರು ಸರ್ವಿಸಿನಲ್ಲಿ ಕಾರಿನ ಅಡಿಗೆ ಡೀಸೆಲ್ ಅಥವಾ ಹಳೆ ಆಯಿಲ್ ಹೊಡೆಯುವ ಬಗ್ಗೆ ಕೇಳಿದರು. ಉಕ್ಕಿನ ಪಟ್ಟಿ ಸ್ಪ್ರಿಂಗ್ ಇದ್ದ ಕಾಲದ ರೂಢಿ ಅದು. ಗಾಳಿ ಸ್ಪ್ರಿಂಗಿನ ರಬ್ಬರಿಗೆ ಅದು ವಿಷ, ಉಬ್ಬಿ ಮೆತ್ತಗಾಗಿ ಪದರ ಬಿಡುತ್ತದೆ. ಅಡಿ ತೊಳೆಯುವುದಾದರೆ ಬರೀ ನೀರು, ಪ್ರೆಶರ್ ಗನ್ನು ಕಪ್ಲರ್ ಮತ್ತು ಸೆನ್ಸರುಗಳಿಂದ ದೂರ, ಬೆಲ್ಲೋವಿನ ಮಡಿಕೆಯಲ್ಲಿ ಕೂತ ಮರಳು ಹೋಗುವವರೆಗೆ. ತೊಳೆದ ದಿನ ಸಂಜೆ ಮತ್ತೊಮ್ಮೆ ನಾಲ್ಕೂ ಮೂಲೆ ಅಳೆದು ಬರೆದಿಡಿ.